ರಿಪೋರ್ಟ್ ಬರುವುದು ಸೋಮವಾರ. ಅಲ್ಲಿಯವರೆಗೆ ದಿನ ಕಳೆಯುವುದು ಹೇಗೆ?

ಅಪ್ಪನ_ಮಗಳು, ಮೈಸೂರು | ಬುಧವಾರ ರಾತ್ರಿ 11:40

ಅಪ್ಪನ ಕುತ್ತಿಗೆಯ ಎಡಗಡೆ ಎರಡು ತಿಂಗಳಿಂದ ಒಂದು ಗಂಟು ಇತ್ತು. ಅಡಿಕೆ ಗಾತ್ರದ್ದು. ನೋವಿಲ್ಲ, ಏನಿಲ್ಲ. ಚಳಿ ಅಂತ ಮಫ್ಲರ್ ಸುತ್ತಿಕೊಂಡು ಮುಚ್ಚಿಟ್ಟಿದ್ದರು. ಕಟಿಂಗ್ ಅಂಗಡಿಯವರು ಕೇಳಿದ ಮೇಲೆ ನಮಗೆ ಗೊತ್ತಾಯಿತು. ನಿನ್ನೆ ಅದನ್ನು ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ. ರಿಪೋರ್ಟ್ ಸೋಮವಾರ ಅಂದರು.

ಅಪ್ಪ ಆರಾಮಾಗಿದ್ದಾರೆ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡೇ ಪೇಪರ್ ಓದುತ್ತಾರೆ, ಒಗ್ಗರಣೆ ಅವಲಕ್ಕಿಗೆ ಕಡಲೆಬೀಜ ಕಮ್ಮಿ ಆಯಿತು ಅನ್ನುತ್ತಾರೆ. ಕೆಟ್ಟಿರುವುದು ನಾನು. ಎರಡು ದಿನದಲ್ಲಿ ಮೂರು ಸಲ ಹಾಲು ಉಕ್ಕಿಸಿದ್ದೇನೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಕೈ ತಾನಾಗಿ ಫೋನಿಗೆ ಹೋಗುತ್ತದೆ, ‘ಕುತ್ತಿಗೆ ಗಂಟು’ ಅಂತ ಹುಡುಕುತ್ತಾ ಹುಡುಕುತ್ತಾ ಬೆಳಗಾಗುತ್ತದೆ.

ಅದು ಏನಿರಬಹುದು ಅಂತ ದಯವಿಟ್ಟು ಇಲ್ಲಿ ಯಾರೂ ಊಹೆ ಮಾಡಬೇಡಿ. ನನಗೆ ಬೇಕಿರುವುದು ಬೇರೆ. ಇಂಥ ದಿನಗಳನ್ನು ನೀವು ಹೇಗೆ ಕಳೆದಿರಿ? ಬೆಳಗ್ಗೆ ಎದ್ದು ಏನು ಮಾಡಿದಿರಿ, ರಾತ್ರಿ ಏನು ಮಾಡಿದಿರಿ, ಅಷ್ಟು ಹೇಳಿ ಸಾಕು. ‘ಧ್ಯಾನ ಮಾಡಿ’ ಅಂತ ಎರಡು ಪದ ಬರೆದು ಹೋಗಬೇಡಿ. ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಗಂಟೇ.

ಅಡಿಕೆಮನೆ, ತೀರ್ಥಹಳ್ಳಿ ಕಡೆ | ಗುರುವಾರ ಬೆಳಗ್ಗೆ 6:10

ಓದಿ ನಮ್ಮ ಅಣ್ಣನ ಆಪರೇಷನ್ ನೆನಪಾಯಿತು. ಆರು ವರ್ಷದ ಹಿಂದೆ, ಇದೇ ಚಳಿಗಾಲ. ಎದೆ ಆಪರೇಷನ್ನಿನ ದಿನ ಮುಂದೆ ಮುಂದೆ ಹೋಗುತ್ತಿತ್ತು. ಇತ್ತ ಅಂಗಳದಲ್ಲಿ ಹಸಿ ಅಡಿಕೆ ರಾಶಿ. ಮನೆಯಲ್ಲಿ ಕಷ್ಟ ಅಂತ ಅಡಿಕೆ ಕಾಯುವುದಿಲ್ಲ, ಕೊಯ್ದ ಮೇಲೆ ಸುಲಿದು ಬೇಯಿಸಲೇಬೇಕು. ರಾತ್ರಿ ಸುಲಿಯುವವರ ಸಾಲಿನಲ್ಲಿ ನಾನೂ ಮೆಟ್ಟುಗತ್ತಿ ಹಾಕಿಕೊಂಡು ಕೂತೆ.

ಮೆಟ್ಟುಗತ್ತಿ ಮುಂದೆ ಮನಸ್ಸು ಎಲ್ಲೋ ಹೋದರೆ ಬೆರಳು ಹೋಗುತ್ತದೆ. ಹಾಗಂತ ತಲೆ ಕೆಡಿಸಿಕೊಳ್ಳುವಂಥ ಕೆಲಸವೂ ಅಲ್ಲ. ಕಾಯಿ ಒತ್ತು, ತಿರುಗಿಸು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಪಕ್ಕದಲ್ಲಿ ಯಾರೋ ಯಾರದ್ದೋ ಮದುವೆ ಸುದ್ದಿ ಹೇಳುತ್ತಿರುತ್ತಾರೆ. ಸುಮ್ನೆ ಹೂಂ ಅಂದರೆ ಸಾಕು. ಅಣ್ಣನ ವಿಷಯದಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ಡಬ್ಬವಾದರೂ ತುಂಬುತ್ತಿತ್ತು.

ಟಿವಿ ನೋಡಿ ಅಂತ ನಾನು ಹೇಳುವುದಿಲ್ಲ. ಅದರ ಮುಂದೆ ಕೂತರೆ ಕಣ್ಣು ಅಲ್ಲಿ, ತಲೆ ಆಸ್ಪತ್ರೆಯಲ್ಲಿ. ಕೈಗೆ ಕೆಲಸ ಕೊಡಿ. ಸ್ವಲ್ಪ ಗಮನ ಬೇಡುವಂಥದ್ದು, ಮುಗಿಯುವಂಥದ್ದು. ನಿಮ್ಮ ಕಡೆ ಈಗ ಅವರೆಕಾಯಿ ಕಾಲ ಅಲ್ವಾ? ಮೂರು ಕೆಜಿ ತಂದು ಬಿಡಿಸಿ, ನೆನೆಸಿ, ಹಿತಕಿ. ಒಂದೂವರೆ ದಿನ ಹೋಗುತ್ತದೆ.

ರಾತ್ರಿಪಾಳಿ, ಬೆಂಗಳೂರು | ಗುರುವಾರ ಬೆಳಗ್ಗೆ 9:05

ಮೊದಲು ಆ ಫೋನ್ ಬೆಡ್‌ರೂಮಿಂದ ಆಚೆ ಹಾಕಿ. ನಾನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದೆ. ತಮಾಷೆಯಲ್ಲ. ಕಂಪನಿಯಲ್ಲಿ ಜನರನ್ನು ತೆಗೆಯುವ ಪಟ್ಟಿ ಬರುತ್ತದೆ ಅಂತ ಮೂರು ವಾರ ಕಾಯಿಸಿದರು. ಆಗ ರಾತ್ರಿಯಿಡೀ ಮೇಲ್ ತೆಗೆದು ನೋಡುವುದೇ ಕೆಲಸವಾಗಿತ್ತು. ಅಕ್ಕಿ ಡಬ್ಬದ ಮುಚ್ಚಳ ಬಿಗಿ, ತೆಗೆದರೆ ಸದ್ದು ಬರುತ್ತದೆ, ಹೆಂಡತಿ ಏಳುತ್ತಾಳೆ. ಆ ನಾಚಿಕೆಗೇ ಸುಮ್ಮನೆ ಮಲಗುತ್ತಿದ್ದೆ.

ಎರಡನೆಯದು, ಚಿಂತೆಗೆ ಒಂದು ಹೊತ್ತು ಗೊತ್ತು ಮಾಡುವುದು. ಕೌನ್ಸೆಲರ್ ಒಬ್ಬರು ಹೇಳಿಕೊಟ್ಟಿದ್ದು. ಸಂಜೆ ಆರರಿಂದ ಆರೂ ಕಾಲು. ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತು, ಏನೇನು ಭಯ ಇದೆಯೋ ಎಲ್ಲ ಒಂದು ಹಾಳೆಯಲ್ಲಿ ಬರೆಯುತ್ತಿದ್ದೆ. ಮಧ್ಯಾಹ್ನ ಭಯ ಬಂದರೆ ‘ಆರಕ್ಕೆ ಬಾ’ ಅನ್ನುವುದು. ಕೇಳಲು ಹುಚ್ಚಾಟ ಅನ್ನಿಸುತ್ತದೆ. ಮೊದಲ ಎರಡು ದಿನ ಕೆಲಸ ಮಾಡಲೂ ಇಲ್ಲ. ಮೂರನೆಯ ದಿನ ಆರು ಗಂಟೆಗೆ ಹಾಳೆ ಹಿಡಿದು ಕೂತರೆ, ಬರೆಯಲು ಐದು ನಿಮಿಷಕ್ಕಾಗುವಷ್ಟೇ ಇತ್ತು.

ಸದಾ_ಖುಷಿ | ಗುರುವಾರ ಬೆಳಗ್ಗೆ 9:30

ಎಲ್ಲಾ ಒಳ್ಳೇದೇ ಆಗುತ್ತೆ ಮೇಡಂ. ಪಾಸಿಟಿವ್ ಆಗಿ ಯೋಚಿಸಿ.

ಅಪ್ಪನ_ಮಗಳು | ಗುರುವಾರ ಬೆಳಗ್ಗೆ 9:34

ಅದು ನಿಮಗೆ ಹೇಗೆ ಗೊತ್ತು ಸಾರ್?

ಹಳೇ_ಮೇಷ್ಟ್ರು, ಮೈಸೂರು | ಗುರುವಾರ ಬೆಳಗ್ಗೆ 10:15

ಅವರ ಮೇಲೆ ಸಿಟ್ಟಾಗಬೇಡಮ್ಮ. ಜನಕ್ಕೆ ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ, ಬಾಯಿಗೆ ಬಂದಿದ್ದು ಅದು. ನಮ್ಮ ಅಜ್ಜಿ ಸಾವಿನ ಮನೆಗೆ ಹೋದರೂ, ಜ್ವರದ ಮನೆಗೆ ಹೋದರೂ ಒಂದೇ ಮಾತು ಕೇಳುತ್ತಿದ್ದಳು: ‘ಊಟ ಮಾಡಿದ್ಯಾ?’ ಮಾಡಿಲ್ಲ ಅಂದರೆ ಸೆರಗು ಸಿಕ್ಕಿಸಿ ಒಲೆ ಮುಂದೆ ಹೋಗುತ್ತಿದ್ದಳು. ಅದಕ್ಕಿಂತ ಒಳ್ಳೆಯ ಮಾತು ನನಗಿನ್ನೂ ಸಿಕ್ಕಿಲ್ಲ.

ನೀನು ಮೈಸೂರಿನವಳು. ಬೆಳಗ್ಗೆ ಅಪ್ಪನನ್ನು ಕರೆದುಕೊಂಡು ಕುಕ್ಕರಹಳ್ಳಿ ಕೆರೆಗೆ ಹೋಗು. ಏರಿ ಮೇಲೆ ನಿಧಾನಕ್ಕೆ ನಡೆಯಿರಿ. ಹೆಜ್ಜಾರ್ಲೆ ನೀರಿಗೆ ಇಳಿಯುವುದನ್ನು ನೋಡು. ಅಷ್ಟು ದೊಡ್ಡ ಮೈ, ಅಷ್ಟು ದೊಡ್ಡ ಕೊಕ್ಕು, ಕಾಲು ಮುಂದೆ ಚಾಚಿಕೊಂಡು ನೀರಿನ ಮೇಲೆ ಜಾರುತ್ತಾ ಬಂದು ನಿಲ್ಲುತ್ತದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ತಿಂಗಳು ನಾನು ದಿನಾ ಅವನ್ನು ಎಣಿಸುತ್ತಿದ್ದೆ. ಒಂದು ದಿನವೂ ಲೆಕ್ಕ ಸರಿ ಬರಲಿಲ್ಲ. ನಲವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು.

ಎರಡನೇ_ಡಿಕಾಕ್ಷನ್, ಹಾಸನ | ಗುರುವಾರ ಬೆಳಗ್ಗೆ 11:00

ನನ್ನದು ಒಂದೇ ಮದ್ದು, ಫಿಲ್ಟರ್ ಕಾಫಿ. ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಹದವಾಗಿ ಒತ್ತಿ, ಕುದಿ ನೀರು ಸುತ್ತ ಬಿಟ್ಟು ಮುಚ್ಚಳ ಮುಚ್ಚುವುದು. ಆಮೇಲೆ ತೊಟ ತೊಟ. ಅವಸರ ಮಾಡಿದರೆ ಡಿಕಾಕ್ಷನ್ ನೀರಾಗುತ್ತದೆ. ಮನೆಯಲ್ಲಿ ಏನೇ ಆಗಿರಲಿ, ಆ ಇಪ್ಪತ್ತು ನಿಮಿಷ ನನ್ನನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಟೆನ್ಷನ್ ಇದ್ದರೆ ದಿನಕ್ಕೆ ಏಳೆಂಟು ಲೋಟ ಆಗುತ್ತದೆ.

ದೂರದ_ದಾದಿ, ಐರ್ಲೆಂಡ್ | ಗುರುವಾರ ಮಧ್ಯಾಹ್ನ 2:20

ಅಣ್ಣಾ, ಕಾಫಿ ಮಾಡುವುದು ಸರಿ, ಏಳೆಂಟು ಲೋಟ ಕುಡಿಯುವುದೇ ತಕರಾರು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಆತಂಕ ಇದ್ದಾಗ ಎದೆ ಮೊದಲೇ ಡವಡವ ಅನ್ನುತ್ತಿರುತ್ತದೆ. ಕಾಫಿ ಅದನ್ನು ಇನ್ನಷ್ಟು ಬಡಿಸುತ್ತದೆ, ನಾವು ‘ಅಯ್ಯೋ ಏನೋ ಆಗುತ್ತಿದೆ’ ಅಂತ ಮತ್ತಷ್ಟು ಹೆದರುತ್ತೇವೆ. ಮಧ್ಯಾಹ್ನದ ಮೇಲೆ ಬಿಡಿ. ಕೊತ್ತಂಬರಿ-ಜೀರಿಗೆ ಕಷಾಯಕ್ಕೆ ಬೆಲ್ಲ, ಹಾಲು ಹಾಕಿಕೊಳ್ಳಿ.

ಅಕ್ಕಾ, ನಾನು ನರ್ಸ್. ಇಲ್ಲಿ ಚಳಿಗಾಲದಲ್ಲಿ ನಾಲ್ಕೂವರೆ ಅನ್ನುವಷ್ಟರಲ್ಲಿ ಕತ್ತಲೆ. ವಾರ್ಡಿನಲ್ಲಿ ಹೆದರಿದವರಿಗೆ ನಾವು ಮೊದಲು ಹೇಳಿಕೊಡುವುದು ಉಸಿರು ಬಿಡುವುದನ್ನು. ಎಳೆದುಕೊಳ್ಳುವುದನ್ನಲ್ಲ. ಎಲ್ಲರೂ ‘ದೀರ್ಘವಾಗಿ ಉಸಿರು ತಗೊಳ್ಳಿ’ ಅನ್ನುತ್ತಾರೆ. ಹೆದರಿದವರು ಮೊದಲೇ ಜಾಸ್ತಿ ಎಳೆದುಕೊಳ್ಳುತ್ತಿರುತ್ತಾರೆ, ಅದಕ್ಕೇ ತಲೆ ಸುತ್ತು, ಬೆರಳು ಜುಮುಜುಮು.

ಊದುಗೊಳವೆ ನೆನಪಿದೆಯಾ? ಸೌದೆ ಒಲೆಯ ಕಾಲದ್ದು. ಕೆಂಡ ಕೆದಕದ ಹಾಗೆ, ಬೂದಿ ಹಾರದ ಹಾಗೆ ಉದ್ದಕ್ಕೆ ಊದಬೇಕಿತ್ತು. ಅದೇ ರೀತಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ತುಟಿ ಕಿರಿದು ಮಾಡಿ ಆರು-ಏಳು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದು ದೇಹದ ಏರ್ಪಾಡು. ಮಿದುಳಿಂದ ಹೃದಯಕ್ಕೆ ಇಳಿಯುವ ನರವೊಂದು ಆ ಹೊತ್ತಿಗೆ ಬ್ರೇಕ್ ಹಾಕುತ್ತದೆ. ಹತ್ತು ಸಲ ಸಾಕು. ಕಣ್ಣು ಮುಚ್ಚಬೇಕಾಗಿಲ್ಲ. ಕಿಟಕಿ ನೋಡುತ್ತಾ ಮಾಡಿ.

ಲ್ಯಾಬ್_ಮೂಲೆ | ಗುರುವಾರ ಸಂಜೆ 7:45

ನಾನು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಊಹೆ ಮಾಡಬೇಡಿ ಅಂದಿದ್ದೀರಿ, ಮಾಡುವುದಿಲ್ಲ. ಆದರೆ ಐದಾರು ದಿನ ಅಲ್ಲಿ ಏನು ನಡೆಯುತ್ತದೆ ಅಂತ ಹೇಳಬಲ್ಲೆ. ಗೊತ್ತಾದರೆ ಸ್ವಲ್ಪ ಸಮಾಧಾನ ಆಗಬಹುದು.

ನಿಮ್ಮ ತಂದೆಯ ಗಂಟು ಈಗ ಯಾರದ್ದೋ ಮೇಜಿನ ಮೇಲೆ ‘ಬಾಕಿ’ ಅಂತ ಬಿದ್ದಿಲ್ಲ. ಮೊದಲು ಅದು ಫಾರ್ಮಾಲಿನ್‌ನಲ್ಲಿ ನೆನೆಯಬೇಕು, ಇಲ್ಲದಿದ್ದರೆ ಕೆಡುತ್ತದೆ. ಆಮೇಲೆ ರಾತ್ರಿಯೆಲ್ಲ ಮೆಷಿನ್‌ನಲ್ಲಿ ಆಲ್ಕೋಹಾಲ್, ಝೈಲೀನ್ ದಾಟಿ ನೀರಿನಂಶ ಪೂರ್ತಿ ಹೋಗಬೇಕು. ಆಮೇಲೆ ಕರಗಿದ ಮೇಣದಲ್ಲಿ ಕೂರಿಸಿ ಗಟ್ಟಿ ಮಾಡುತ್ತೇವೆ. ಸೋಪಿನ ಬಿಲ್ಲೆಯ ಹಾಗೆ ಒಂದು ಪುಟ್ಟ ಬಿಲ್ಲೆ. ಅದನ್ನು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕತ್ತರಿಸುವುದು ನನ್ನ ಕೆಲಸ. ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರೈವತ್ತು ಪದರ. ಫ್ಯಾನ್ ಹಾಕಿದರೆ ಹಾರಿಹೋಗುತ್ತದೆ. ಬಿಸಿನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ಆಮೇಲೆ ನೇರಳೆ, ಗುಲಾಬಿ ಬಣ್ಣ. ಆಮೇಲೆ ಡಾಕ್ಟರ್ ನೋಡುತ್ತಾರೆ. ಸಂಶಯ ಬಂದರೆ ಇನ್ನೊಂದು ಬಣ್ಣ ಹಾಕಿಸುತ್ತಾರೆ, ಅದಕ್ಕೆ ಮತ್ತೆ ಒಂದೆರಡು ದಿನ.

ತಡವಾದರೆ ಕೆಟ್ಟ ಸುದ್ದಿ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ತಡ ಅಂದರೆ ಇನ್ನೊಂದು ಸಲ ನೋಡುತ್ತಿದ್ದಾರೆ ಅಂತ ಅಷ್ಟೇ.

ಅಪ್ಪನ_ಮಗಳು | ಗುರುವಾರ ರಾತ್ರಿ 8:10

ಎರಡು ಸಲ ಓದಿದೆ. ಇಷ್ಟು ದಿನ ಆಸ್ಪತ್ರೆಯವರು ಸುಮ್ನೆ ಕಾಯಿಸುತ್ತಿದ್ದಾರೆ ಅಂದುಕೊಂಡಿದ್ದೆ. ಇದನ್ನು ಅಲ್ಲಿ ಯಾರಾದರೂ ಎರಡು ನಿಮಿಷ ಹೇಳಬಹುದಿತ್ತಲ್ಲ. ಥ್ಯಾಂಕ್ಸ್.

ನಾಣಿ_ನಾಸ್ತಿಕ, ಉಡುಪಿ | ಗುರುವಾರ ರಾತ್ರಿ 9:30

ದೇವರ ಮೇಲೆ ಭಾರ ಹಾಕಿ ಅಂತ ಇನ್ನೂ ಯಾರೂ ಹೇಳಿಲ್ಲ, ಆಶ್ಚರ್ಯ. ನನಗೆ ದೇವರಿಲ್ಲ. ಆದರೆ ಅಮ್ಮನಿಗೆ ಇದ್ದಾನೆ, ಹಾಗಾಗಿ ಒಂದು ವಿಷಯ ನೋಡಿದ್ದೇನೆ. ತಮ್ಮನಿಗೆ ಅಪಘಾತ ಆದಾಗ ಅಮ್ಮ ಅರಿಶಿನದಲ್ಲಿ ಅದ್ದಿದ ಬಟ್ಟೆಗೆ ಒಂದು ರೂಪಾಯಿ ಕಟ್ಟಿ ಮುಡಿಪು ಇಟ್ಟಳು. ಕಟ್ಟುವವರೆಗೂ ಮನೆಯೆಲ್ಲ ಓಡಾಡುತ್ತಿದ್ದವಳು, ಗಂಟು ಬಿಗಿದ ಮೇಲೆ ಚಾಪೆ ಹಾಕಿ ಮಲಗಿದಳು. ನಾನು ವೈಜ್ಞಾನಿಕ ಮನೋಭಾವದವನು, ರಾತ್ರಿಯೆಲ್ಲ ಆಸ್ಪತ್ರೆ ಕಾರಿಡಾರಿನಲ್ಲಿ ನಡೆದೆ.

ಬೆಳಗ್ಗೆ ಪಕ್ಕದ ದೇವಸ್ಥಾನದ ಜಗಲಿ ಮೇಲೆ ಕೂತೆ. ನಮಸ್ಕಾರ ಮಾಡಲಿಲ್ಲ. ಕಲ್ಲು ತಂಪಾಗಿತ್ತು. ಅಷ್ಟೇ ಕಾರಣ. ಈಗಲೂ ಮನಸ್ಸು ಸರಿ ಇಲ್ಲದಿದ್ದರೆ ಅಲ್ಲಿ ಹೋಗಿ ಕೂರುತ್ತೇನೆ. ಭಟ್ಟರಿಗೆ ನಾನು ಸರಿಹೋದೆ ಅಂತ ಸಂತೋಷ.

ಮಳೆ_ಲೆಕ್ಕ, ಕೊಡಗು | ಶುಕ್ರವಾರ ಬೆಳಗ್ಗೆ 7:00

ನಮ್ಮದು ಮಡಿಕೇರಿ ಕಡೆ ಸಣ್ಣ ಕಾಫಿ ತೋಟ. 2018ರ ಆಗಸ್ಟಿನಲ್ಲಿ ಎದುರಿನ ಗುಡ್ಡ ಜಾರಿ ಬಂತು. ಮನೆ ಉಳಿಯಿತು, ಕೆಳಗಿನ ತೋಟ ಹೋಯಿತು. ಹನ್ನೊಂದು ದಿನ ಪರಿಹಾರ ಕೇಂದ್ರದಲ್ಲಿದ್ದೆವು. ಅಂದಿನಿಂದ ಹೆಂಚಿನ ಮೇಲೆ ಮಳೆ ಜೋರಾದರೆ ಸಾಕು, ನಾನು ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದೆ.

ಇಲ್ಲಿ ತೋಟ ಇರುವವರ ಮನೆಯಲ್ಲಿ ಮಳೆ ಮಾಪಕ ಇರುತ್ತದೆ. ದಿನಾ ಬೆಳಗ್ಗೆ ಅಳೆದು ಇಂಚು-ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತೇವೆ. ಮಾವನ ಕಾಲದ ಪುಸ್ತಕಗಳೂ ಇವೆ. ಆ ವರ್ಷದ ನಂತರ ಬರೆಯುವ ಕೆಲಸ ನಾನು ತೆಗೆದುಕೊಂಡೆ. ರಾತ್ರಿ ‘ಆಕಾಶವೇ ಕಳಚಿ ಬಿತ್ತು’ ಅನ್ನಿಸಿದ ಮಳೆ ಬೆಳಗ್ಗೆ ಅಳೆದರೆ ಒಂದು ಇಂಚು ಇಪ್ಪತ್ತು ಸೆಂಟ್. ಹಳೆಯ ಪುಸ್ತಕ ತೆಗೆದು ನೋಡಿದರೆ ಅದಕ್ಕಿಂತ ದೊಡ್ಡ ಮಳೆ ಎಷ್ಟೋ ಇವೆ. ಭಯಕ್ಕೆ ಒಂದು ಅಳತೆ ಸಿಕ್ಕಿತು. ಮಳೆ ಕಡಿಮೆಯಾಗಲಿಲ್ಲ, ನಾನು ಚಪ್ಪಲಿ ಬಿಚ್ಚಿ ಮಲಗುವ ಹಾಗಾಯಿತು.

ಪುಸ್ತಕ ನೋಡಿಯೇ ಕೆಲವು ರಾತ್ರಿ ಗಂಟುಮೂಟೆ ಕಟ್ಟಿ ತಂಗಿಯ ಮನೆಗೆ ಹೋದದ್ದೂ ಇದೆ. ಹೆದರಬೇಕಾದಾಗ ಹೆದರಲೂ ಬೇಕಲ್ಲ.

ಘಾಟಿ_ಡ್ರೈವರ್ | ಶುಕ್ರವಾರ ಬೆಳಗ್ಗೆ 10:40

ನನ್ನದೂ ಬರೆಯುತ್ತೇನೆ, ನಗಬೇಡಿ. ಇಪ್ಪತ್ತು ವರ್ಷದಿಂದ ಬಸ್ ಓಡಿಸುತ್ತೇನೆ. ಮಗಳ ಮದುವೆ ಸಾಲ ತಲೆ ಮೇಲಿತ್ತು. ಚಾರ್ಮಾಡಿ ಘಾಟಿ ಇಳಿಯುವಾಗ ಇದ್ದಕ್ಕಿದ್ದ ಹಾಗೆ ಎದೆ ಬಿಗಿಯಿತು, ಕೈ ಬೆವರಿ ಸ್ಟೇರಿಂಗ್ ಜಾರಿತು. ಸತ್ತೆ ಅಂದುಕೊಂಡೆ. ಗಾಡಿ ಬದಿಗೆ ಹಾಕಿದೆ. ಹಿಂದೆ ನಲವತ್ತು ಜನ. ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಎಲ್ಲ ನೋಡಿ ಹೃದಯ ಚೆನ್ನಾಗಿದೆ, ಇದು ಪ್ಯಾನಿಕ್ ಅಂದರು. ಒಂದು ಮಾತು ಹೇಳಿಬಿಡುತ್ತೇನೆ, ಎದೆನೋವು ಮೊದಲ ಸಲ ಬಂದರೆ ‘ಟೆನ್ಷನ್ ಇರಬೇಕು’ ಅಂತ ಮನೆಯಲ್ಲಿ ಕೂರಬೇಡಿ. ಡಾಕ್ಟರೇ ಹೇಳಲಿ.

ಆಮೇಲೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಹುಚ್ಚು ಹಿಡಿದವರಿಗೆ ಮಾತ್ರ ಅಂದುಕೊಂಡಿದ್ದೆ. ಕನ್ನಡದಲ್ಲೇ ಒಬ್ಬ ಹೆಣ್ಣುಮಗಳು ಮಾತಾಡಿದಳು. ನಾನು ಸಾಲದ ಲೆಕ್ಕವೆಲ್ಲ ಒದರಿದೆ. ಹೆಂಡತಿಗೂ ಅಷ್ಟು ಹೇಳಿರಲಿಲ್ಲ.

ಈಗ ಎದೆ ಬಿಗಿಯುವ ಸೂಚನೆ ಬಂದರೆ ಎರಡೂ ಪಾದ ನೆಲಕ್ಕೆ ಒತ್ತುತ್ತೇನೆ. ಕಣ್ಣಿಗೆ ಕಂಡ ಐದು ವಸ್ತು ಬಾಯಲ್ಲಿ ಹೇಳುತ್ತೇನೆ. ಮೈಲಿಗಲ್ಲು, ಕೋತಿ, ಜರಿ ನೀರು, ಟೀ ಅಂಗಡಿ, ಕೆಂಪು ಸ್ವೆಟರ್. ಕಂಡಕ್ಟರ್‌ಗೆ ಅಭ್ಯಾಸವಾಗಿದೆ. ಅವನೂ ಒಂದೆರಡು ಸೇರಿಸುತ್ತಾನೆ.

ಬೇಸರದ_ಬಸವ | ಶುಕ್ರವಾರ ಮಧ್ಯಾಹ್ನ 1:00

ಇಷ್ಟೆಲ್ಲ ಯಾಕೆ, ರಾತ್ರಿ ಒಂದು ಪೆಗ್ ಹಾಕಿದರೆ ನಿದ್ದೆ ಗ್ಯಾರಂಟಿ.

ದೂರದ_ದಾದಿ | ಶುಕ್ರವಾರ ಮಧ್ಯಾಹ್ನ 3:15

ನಿದ್ದೆ ಹತ್ತುತ್ತದೆ, ಉಳಿಯುವುದಿಲ್ಲ. ಅಮಲು ಇಳಿಯುವ ಹೊತ್ತಿಗೆ ಎಚ್ಚರವಾಗುತ್ತದೆ, ಆಗ ಎದೆಬಡಿತ ಇನ್ನೂ ಜಾಸ್ತಿ. ಅವರಿಗೆ ಮೂರು ಗಂಟೆಯದ್ದೇ ತೊಂದರೆ ಇರುವುದು ಅಲ್ವಾ ಬಸವಣ್ಣ?

ಕೌದಿಯಕ್ಕ, ಗದಗ | ಶುಕ್ರವಾರ ಸಂಜೆ 5:30

ತಂಗಿ, ನನ್ನ ಮಗ ಸೈನ್ಯದಾಗ ಇದ್ದಾನೆ. ಒಮ್ಮೊಮ್ಮೆ ವಾರಗಟ್ಟಲೆ ಫೋನ್ ಬರುವುದಿಲ್ಲ. ಟಿವಿಯವರು ಬಾಯಿಗೆ ಬಂದದ್ದು ಹೇಳುತ್ತಾರೆ. ಟಿವಿ ಬಂದ್ ಮಾಡಿ ಕೌದಿ ಹೊಲಿಯಲು ಕೂರುತ್ತೇನೆ. ಹಳೇ ಸೀರೆ, ಧೋತರ, ಅವನ ಸಾಲಿ ಅಂಗಿ, ಎಲ್ಲ ಪದರ ಪದರ ಹಾಸಿ ಅಂಚಿನಿಂದ ಸುತ್ತ ಹೊಲಿಯುತ್ತಾ ನಡುವಿಗೆ ಬರುವುದು. ಒಂದೊಂದು ತುಂಡು ಕೈಗೆ ಬಂದಾಗ ಇದು ಯಾವಾಗಿನದು ಅಂತ ನೆನಪಾಗುತ್ತದೆ. ಅಳು ಬಂದರೆ ಅಳುತ್ತೇನೆ, ಸೂಜಿ ನಿಲ್ಲಿಸುವುದಿಲ್ಲ.

ಒಂದು ಮಾತು ಹೇಳಲೇನು? ಒಬ್ಬಳೇ ಕೂರಬ್ಯಾಡ. ನಾನು ಕಟ್ಟೆ ಮೇಲೆ ಕೂತರೆ ಓಣಿಯವರು ಬಂದು ಒಂದೊಂದು ಸೂಜಿ ಹಿಡಿಯುತ್ತಾರೆ. ಮಗನ ವಿಷಯ ಯಾರೂ ಎತ್ತುವುದಿಲ್ಲ. ಎಲ್ಲರಿಗೂ ಗೊತ್ತು ನೋಡು.

ಹಿಂದಿನ_ಬೆಂಚು, ಬಳ್ಳಾರಿ | ಶುಕ್ರವಾರ ರಾತ್ರಿ 10:20

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಅಮ್ಮನ ರಿಪೋರ್ಟ್ ಒಳ್ಳೆಯದು ಬರಲಿಲ್ಲ. ಮೂರು ವರ್ಷ ಆಯಿತು. ಮೇಲೆ ಹೇಳಿದ್ದು ಯಾವುದೂ ನನಗೆ ನಾಟಲಿಲ್ಲ. ಉಸಿರಾಟದ ಆ್ಯಪ್ ಹಾಕಿಕೊಂಡೆ, ಅದರ ಗಂಟೆ ಸದ್ದು ಕೇಳಿದರೆ ಐಸಿಯು ಮೆಷಿನ್ ನೆನಪಾಗುತ್ತಿತ್ತು.

ನೆನಪಿರುವುದು ಒಂದೇ. ಐಸಿಯು ಹೊರಗೆ ಕಬ್ಬಿಣದ ಬೆಂಚು. ಪಕ್ಕದಲ್ಲಿ ರಾಯಚೂರು ಕಡೆಯ ಒಬ್ಬ ಹಿರಿಯರು, ಅವರ ಮೊಮ್ಮಗ ಒಳಗೆ. ರಾತ್ರಿ ಹನ್ನೆರಡಕ್ಕೆ ಪೇಪರ್ ಪೊಟ್ಟಣ ಬಿಚ್ಚಿ ಮಂಡಕ್ಕಿ ಒಗ್ಗರಣೆ ಅರ್ಧ ನನ್ನ ಕಡೆ ತಳ್ಳಿದರು. ಏನೂ ಕೇಳಲಿಲ್ಲ. ಮೆಣಸಿನಕಾಯಿ ಕಚ್ಚಿ ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಅವರ ಹೆಸರೂ ಗೊತ್ತಿಲ್ಲ ನನಗೆ.

ಇನ್ನೊಂದು. ಆ ಕಾಯುವ ವಾರದಲ್ಲಿ ಅಮ್ಮನ ಜೊತೆ ನಾನು ಮಾತಾಡಿದ್ದೆಲ್ಲ ಮಾತ್ರೆ, ಊಟ, ಅಪಾಯಿಂಟ್‌ಮೆಂಟ್. ನೀವು ಹಾಗೆ ಮಾಡಬೇಡಿ.

ಅಪ್ಪನ_ಮಗಳು | ಶನಿವಾರ ರಾತ್ರಿ 10:50

ಎಲ್ಲರಿಗೂ ಉತ್ತರ ಕೊಡಲು ಆಗಿಲ್ಲ. ಅವರೆಕಾಯಿ ಹಿಡಿದಿದ್ದೆ.

ನಿನ್ನೆ ಬೆಳಗ್ಗೆ ದೇವರಾಜ ಮಾರುಕಟ್ಟೆಯಿಂದ ಮೂರು ಕೆಜಿ ತಂದೆ. ಸೊಗಡು ಅಂದರೆ ಸೊಗಡು, ಬ್ಯಾಗ್ ತೆಗೆದರೆ ಮನೆಯೆಲ್ಲ ವಾಸನೆ. ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಬಿಡಿಸಿದೆ. ಉಗುರು ಸಂದಿಯೆಲ್ಲ ಕಪ್ಪು, ಕೈಯೆಲ್ಲ ಅಂಟು. ಅಂಟು ಕೈಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ ಅನ್ನುವುದೇ ದೊಡ್ಡ ಲಾಭ. ರಾತ್ರಿ ಕಾಳು ನೆನೆಸಿಟ್ಟೆ.

ಇವತ್ತು ಬೆಳಗಿನ ಜಾವ ಮೂರೂಕಾಲಿಗೆ ಮತ್ತೆ ಎಚ್ಚರ. ಫೋನ್ ಅಕ್ಕಿ ಡಬ್ಬದಲ್ಲಿ. ಅಡುಗೆಮನೆಯಿಂದ ಪಾತ್ರೆ ತಂದು, ಲೈಟ್ ಹಾಕದೆ, ಹಾಲ್‌ನ ಕಿಟಕಿಯಿಂದ ಬರುವ ಬೀದಿದೀಪದ ಬೆಳಕಲ್ಲೇ ಪಾತ್ರೆ ಮುಂದೆ ಕೂತು ಹಿತಕಲು ಶುರು ಮಾಡಿದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಪುಚಕ್ ಅಂತ ಬೇಳೆ ಹಾರುತ್ತದೆ. ಜೋರಾಗಿ ಒತ್ತಿದರೆ ಸೋಫಾ ಕೆಳಗೆ. ಒಂದು ಲೋಟದಷ್ಟು ಆಗಿತ್ತೇನೋ, ಅಪ್ಪ ಬಂದರು. ನೀರು ಕುಡಿಯಲು ಎದ್ದೆ ಅಂದರು. ನೀರು ಕುಡಿಯಲಿಲ್ಲ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಅವರೂ ಹಿತಕಿದರು.

ತುಂಬ ಹೊತ್ತು ಮಾತಿಲ್ಲ. ಆಮೇಲೆ ಪಾತ್ರೆ ನೋಡುತ್ತಲೇ ಕೇಳಿದರು, ‘ನಿನಗೂ ಮೂರಕ್ಕೇ ಎಚ್ಚರ ಆಗುತ್ತಾ?’

ನಿನಗೂ ಅಂದರು.

ಒಂದು ವಾರದಿಂದ ನಾನು ಈ ರೂಮಲ್ಲಿ, ಅವರು ಆ ರೂಮಲ್ಲಿ. ಪೇಪರ್ ಓದುತ್ತಿದ್ದದ್ದು ನನಗೋಸ್ಕರ ಅಂತೆ. ಒಂದೇ ಪುಟ ಹಿಡಿದುಕೊಂಡು ಕೂರುತ್ತಿದ್ದರಂತೆ. ಕಡಲೆಬೀಜ ಮಾತ್ರ ನಿಜವಾಗಲೂ ಕಮ್ಮಿ ಇತ್ತಂತೆ.

ಐದೂವರೆ ಹೊತ್ತಿಗೆ ಪಾತ್ರೆ ತುಂಬಿತು. ಅಮ್ಮ ಎದ್ದು ಬಂದು ಇಬ್ಬರನ್ನೂ ನೋಡಿ, ‘ಇಷ್ಟಕ್ಕೆಲ್ಲ ತೆಂಗಿನಕಾಯಿ ಎಲ್ಲಿದೆ?’ ಅಂದಳು.

ಅಡಿಕೆಮನೆ | ಭಾನುವಾರ ಬೆಳಗ್ಗೆ 6:30

ತಾಯಿ ಹೇಳಿದ್ದು ಸರಿ. ಮೂರು ಕೆಜಿ ಅಂದಾಗ ತೆಂಗಿನಕಾಯಿ ಲೆಕ್ಕ ನಾನೂ ಹೇಳಬೇಕಿತ್ತು.

ಅಪ್ಪನ_ಮಗಳು | ಸೋಮವಾರ ಸಂಜೆ 6:20

ರಿಪೋರ್ಟ್ ಬಂದಿಲ್ಲ. ಬುಧವಾರ ಅನ್ನುತ್ತಿದ್ದಾರೆ. ಯಾಕೆ ಅಂದರೆ ‘ಪ್ರೊಸೆಸ್‌ನಲ್ಲಿದೆ’ ಅಂತ ಫೋನ್ ಇಟ್ಟರು. ಕಾಲಲ್ಲಿ ಶಕ್ತಿ ಇಲ್ಲ.

ಲ್ಯಾಬ್_ಮೂಲೆ | ಸೋಮವಾರ ಸಂಜೆ 6:31

ನಾಳೆ ಬೆಳಗ್ಗೆ ರಿಸೆಪ್ಷನ್‌ಗೆ ಮಾಡಬೇಡಿ, ನೇರ ಲ್ಯಾಬಿಗೆ ಹಾಕಿಸಿಕೊಳ್ಳಿ. ಒಂದೇ ಪ್ರಶ್ನೆ ಕೇಳಿ: ‘ಸ್ಪೆಷಲ್ ಸ್ಟೇನ್‌ಗೆ ಕಳಿಸಿದ್ದೀರಾ?’ ನಾನು ಹೇಳಿದ ಆ ಇನ್ನೊಂದು ಬಣ್ಣ ಅಂದರೆ ಅದೇ. ರಿಸಲ್ಟ್ ಹೇಳುವುದಿಲ್ಲ, ಆದರೆ ಇದಕ್ಕೆ ಹೌದು ಅಥವಾ ಇಲ್ಲ ಅನ್ನುತ್ತಾರೆ.

ಅಪ್ಪನ_ಮಗಳು | ಮಂಗಳವಾರ ಬೆಳಗಿನ ಜಾವ 2:48

ಫೋನ್ ಡಬ್ಬದಿಂದ ತೆಗೆದೆ. ಯಾರಾದರೂ ಎದ್ದಿದ್ದೀರಾ?

ರಾತ್ರಿಪಾಳಿ | ಮಂಗಳವಾರ ಬೆಳಗಿನ ಜಾವ 2:50

ನಾನಿದ್ದೇನೆ, ಆಫೀಸಿನಲ್ಲಿ. ಹೆಸರಿಗೆ ತಕ್ಕ ಹಾಗೆ. ಏನೂ ಹುಡುಕಬೇಡಿ, ಇಲ್ಲೇ ಇರಿ. ಇಲ್ಲಿ ಕ್ಯಾಂಟೀನ್ ಟೀ ಕೆಟ್ಟದಾಗಿದೆ. ಎದುರಿನ ರಸ್ತೆಯಲ್ಲಿ ಒಂದು ನಾಯಿ ಟ್ರಾಫಿಕ್ ಕೋನ್ ಜೊತೆ ಜಗಳ ಆಡುತ್ತಿದೆ.

ಅಪ್ಪನ_ಮಗಳು | ಮಂಗಳವಾರ ಬೆಳಗಿನ ಜಾವ 2:53

ಯಾರು ಗೆಲ್ಲುತ್ತಿದ್ದಾರೆ?

ರಾತ್ರಿಪಾಳಿ | ಮಂಗಳವಾರ ಬೆಳಗಿನ ಜಾವ 2:54

ಸದ್ಯಕ್ಕೆ ಕೋನ್.

ಕೌದಿಯಕ್ಕ | ಮಂಗಳವಾರ ಬೆಳಗಿನ ಜಾವ 4:40

ಈಗ ಎದ್ದೆ ತಂಗಿ. ರಾತ್ರಿ ಊಟ ಆಗಿತ್ತೇನು?

ಅಪ್ಪನ_ಮಗಳು | ಬುಧವಾರ ಮಧ್ಯಾಹ್ನ 3:30

ಬಂತು. ಟಿಬಿ. ಲಿಂಫ್ ಗ್ರಂಥಿಯ ಟಿಬಿ ಅಂತೆ. ಆ ಇನ್ನೊಂದು ಬಣ್ಣ ಹಾಕಿದ್ದು ಅದನ್ನು ನೋಡಲೇ. ಆರು ತಿಂಗಳು ಮಾತ್ರೆ, ವಾಸಿಯಾಗುತ್ತದೆ ಅಂದರು ಡಾಕ್ಟರ್. ಎಕ್ಸ್‌ರೇಯಲ್ಲಿ ಶ್ವಾಸಕೋಶ ಸ್ವಚ್ಛ ಇದೆ, ಮನೆಯವರಿಗೆ ಹರಡುವ ಭಯ ಇಲ್ಲ ಅಂದರು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಖುಷಿ ಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಟಿಬಿ ಅಂತ ಕೇಳಿ ನಗುವವರು ಯಾರಿದ್ದಾರೆ? ನಾವು ಮೂವರೂ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಕ್ಕೆವು. ವಾಚ್‌ಮನ್ ಎದ್ದು ಬೇರೆ ಕಡೆ ಕೂರಿ ಅಂದ.

ಹಿಂದಿನ_ಬೆಂಚು, ನಿಮ್ಮ ಮಾತು ಮರೆತಿಲ್ಲ. ಭಾನುವಾರ ಅಪ್ಪನ ಹತ್ತಿರ ಅವರ ಮೊದಲ ಕೆಲಸ, ಮೊದಲ ಸಂಬಳ, ಎಲ್ಲ ಕೇಳಿದೆ.

ಲ್ಯಾಬ್_ಮೂಲೆ | ಬುಧವಾರ ಸಂಜೆ 7:00

ಒಳ್ಳೆಯದಾಯಿತು. ಎರಡು ವಿಷಯ ಮೊದಲೇ ಹೇಳುತ್ತೇನೆ, ಮತ್ತೆ ರಾತ್ರಿ ಮೂರಕ್ಕೆ ಹುಡುಕುವುದು ಬೇಡ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ರಕ್ತ ಅಲ್ಲ. ಇನ್ನೊಂದು, ಕೆಲವರಿಗೆ ಚಿಕಿತ್ಸೆಯ ನಡುವೆ ಗಂಟು ಒಂದಷ್ಟು ದಿನ ದೊಡ್ಡದಾಗುವುದುಂಟು. ಡಾಕ್ಟರಿಗೆ ತೋರಿಸಿ, ಆದರೆ ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಕಣ್ಣಿನ ಬಿಳಿ ಹಳದಿಯಾದರೆ, ವಾಂತಿ ಜಾಸ್ತಿಯಾದರೆ ಆಗ ತಡಮಾಡದೆ ಹೋಗಿ.

ಸದಾ_ಖುಷಿ | ಬುಧವಾರ ಸಂಜೆ 7:20

ಮೇಡಂ, ಊಟ ಆಯ್ತಾ?

ಅಪ್ಪನ_ಮಗಳು | ಶುಕ್ರವಾರ ಬೆಳಗ್ಗೆ 7:15

ಆಯ್ತು ಸಾರ್. ಮೂರು ದಿನದಿಂದ ಹಿತಕಿದ ಬೇಳೆ ಸಾರು, ಹಿತಕಿದ ಬೇಳೆ ಪಲ್ಯ, ಹಿತಕಿದ ಬೇಳೆ ಹುಗ್ಗಿ.

ನಿನ್ನೆಯಿಂದ ಮಾತ್ರೆ ಶುರು. ಇವತ್ತು ಬೆಳಗ್ಗೆ ಅಪ್ಪ ಬಾತ್‌ರೂಮಿನಿಂದ ಕೂಗಿದರು, ‘ಆ ಲ್ಯಾಬಿನವರು ಹೇಳಿದ್ದು ನಿಜ ಕಣೇ, ಪಕ್ಕಾ ಕಿತ್ತಳೆ. ಬಂದು ನೋಡು.’ ನಾನು ಹೋಗಲಿಲ್ಲ.